ಗಾಡಿ ಮಲಗುವವರೆಗೆ

ನಿಂತ ಗಾಡಿಯೂ ಉಣ್ಣುತ್ತದೆ. ಬಾಗಿಲು ಹಾಕಿ ನಾವು ಮನೆಯೊಳಗೆ ಹೋದ ಮೇಲೂ ಅದರ ಗಡಿಯಾರ, ಅಲಾರಂ, ಬೀಗದ ಪೆಟ್ಟಿಗೆ ಎಲ್ಲವೂ ಬ್ಯಾಟರಿಯಿಂದ ತುತ್ತು ತುತ್ತು ತೆಗೆದುಕೊಳ್ಳುತ್ತಲೇ ಇರುತ್ತವೆ. ನೆಟ್ಟಗಿರುವ ಗಾಡಿಯಾದರೆ ಸ್ವಲ್ಪ ಹೊತ್ತಿನಲ್ಲಿ ಇವೆಲ್ಲ ಒಂದೊಂದಾಗಿ ಸುಮ್ಮನಾಗುತ್ತವೆ, ಮೀಟರಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಕರೆಂಟು ಉಳಿಯುತ್ತದೆ. ಯಾವುದೋ ಒಂದು ಸುಮ್ಮನಾಗದಿದ್ದರೆ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ಇದಕ್ಕೆ ನಮ್ಮ ಕಸುಬಿನಲ್ಲಿ ಲೀಕೇಜ್ ಅನ್ನುತ್ತೇವೆ. ಸವದತ್ತಿಯಲ್ಲಿ ನನ್ನದೊಂದು ಆಟೊ ಇಲೆಕ್ಟ್ರಿಕ್ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ.

ಲೀಕೇಜ್ ಹುಡುಕುವುದು ಇಬ್ಬರ ಕೆಲಸ. ಒಬ್ಬರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಒಂದೊಂದೇ ಫ್ಯೂಜು ಕೀಳಬೇಕು, ಇನ್ನೊಬ್ಬರು ಬಾನೆಟ್ಟಿನ ಹತ್ತಿರ ಕೂತು ಎಷ್ಟು ಆಂಪಿಯರ್ ಎಂದು ಮೀಟರು ನೋಡಿ ಅಂಕಿ ಕೂಗಬೇಕು. ಯಾವ ಫ್ಯೂಜು ಕಿತ್ತಾಗ ಅಂಕಿ ಇಳಿಯುತ್ತದೋ ರೋಗ ಅಲ್ಲಿ. ನನಗೆ ಅಂಕಿ ಕೂಗುತ್ತಿದ್ದವಳು ನನ್ನ ಹೆಂಡತಿ. ಬ್ಯಾಟರಿ ಬರುತ್ತಿದ್ದ ಹಳೆಯ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಮೇಲೆ ಗೋಣಿಚೀಲ ಮಡಿಸಿಟ್ಟುಕೊಂಡು ಕೂಡುತ್ತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಜೋಳ. ಕೈ ಹಸನು ಮಾಡುತ್ತಿರುತ್ತಿತ್ತು, ಕಣ್ಣು ಮೀಟರಿನ ಮೇಲೆ.

"ಎಷ್ಟೈತಿ?" ಅಂತ ನಾನು ಒಳಗಿಂದ ಕೂಗುತ್ತಿದ್ದೆ.

"ಒಂದೂವರಿ ಐತ್ರಿ. ಇಳ್ಯಾಕ ಹತ್ತೇತಿ. ಒಂದಾತು. ಇನ್ನೂ ಇಳೀತು."

ಅಂಕಿ ತಳ ಮುಟ್ಟಿ ನಿಂತಾಗ ಅವಳು ಅಂಕಿ ಹೇಳುತ್ತಿರಲಿಲ್ಲ. ತೊಟ್ಟಿಲ ಹತ್ತಿರ ಮಾತಾಡುವವರ ಹಾಗೆ ದನಿ ತಗ್ಗಿಸಿ, "ಮಲಗಿತ್ರಿ" ಅನ್ನುತ್ತಿದ್ದಳು. ಅದನ್ನು ಕೇಳಿ ಗಾಡಿಯ ಮಾಲೀಕರೂ ಪಿಸುಗುಟ್ಟುತ್ತಿದ್ದರು.

ಅವಳದೊಂದು ನೇಮವಿತ್ತು. ಗುಡ್ಡದ ಬುಡದ ಊರು ನಮ್ಮದು. ಇಲ್ಲಿಗೆ ಬರುವ ಯಾವ ಗಾಡಿಯಲ್ಲಿ ನೋಡಿದರೂ ಎಲ್ಲಮ್ಮನ ಭಂಡಾರದ ಅರಿಷಿಣಪುಡಿಯ ಪೊಟ್ಟಣವೋ ಕಾಯಿಯೋ ಫೋಟೋವೋ ಇದ್ದೇ ಇರುತ್ತದೆ. "ಎಣ್ಣಿ ಕೈಲೆ ಅಮ್ಮನ ಮುಟ್ಟಬ್ಯಾಡ್ರಿ. ಕೈ ತೊಳಕೊಂಡು ಮೊದಲ ತಗದ ಮ್ಯಾಲಿಡ್ರಿ, ಆಮ್ಯಾಲ ನಿಮ್ಮ ಆಪರೇಶನ್ ನಡಸ್ರಿ" ಅನ್ನುತ್ತಿದ್ದಳು. ಅದಕ್ಕೆಂದೇ ಅಂಗಡಿಯೊಳಗಿನ ಗೋಡೆಗೆ ಒಂದು ಹಲಗೆ ಹೊಡೆಸಿ ಕೆಂಪು ಅರಿವೆ ಹಾಸಿದ್ದಳು. ಕೆಲಸ ಮುಗಿದ ಮೇಲೆ ಹಲಗೆಯ ಮೇಲಿನದನ್ನು ಗಾಡಿಗೆ ಮರಳಿ ಇಡುವುದೂ ಅವಳೇ.

ಹೋದ ವರ್ಷ ಕಾರಹುಣ್ಣಿಮೆ ಮುಗಿದ ವಾರ, ಜ್ವರವೆಂದು ಹಾಸಿಗೆ ಹಿಡಿದವಳನ್ನು ಧಾರವಾಡಕ್ಕೆ ಒಯ್ದೆ. ಬರುವಾಗ ಒಬ್ಬನೇ ಬಂದೆ. ಅಲ್ಲಿಂದೀಚೆಗೆ ಲೀಕೇಜ್ ಕೆಲಸ ಬಿಟ್ಟೆ. ಬಲ್ಬು, ಹಾರ್ನು, ಬ್ಯಾಟರಿ ಚಾರ್ಜು, ಒಬ್ಬನಿಂದ ಆಗುವುದಷ್ಟೇ. ಯಾರಾದರೂ ಬಂದರೆ ಬೈಲಹೊಂಗಲಕ್ಕೆ ಹೋಗಿ ಅನ್ನುತ್ತಿದ್ದೆ. ಪೆಟ್ಟಿಗೆ ಇದ್ದಲ್ಲೇ ಇತ್ತು. ಅದರ ಮೇಲೆ ಯಾರನ್ನೂ ಕೂಡಗೊಡುತ್ತಿರಲಿಲ್ಲ. ಗಿರಾಕಿಗಳಿಗೆ ಪ್ಲಾಸ್ಟಿಕ್ ಖುರ್ಚಿ ತಂದಿಟ್ಟಿದ್ದೆ.

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು, ಥಂಡಿ ಜೋರಿತ್ತು. ಒಂದು ಸೋಮವಾರ ಮಧ್ಯಾಹ್ನ ಬಿಳಿ ಕಾರೊಂದು ಬಂದು ನಿಂತಿತು. ಓಡಿಸುತ್ತಿದ್ದವರು ಮುನವಳ್ಳಿಯ ಒಬ್ಬ ಹೆಣ್ಣುಮಗಳು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಪಕ್ಕದಲ್ಲಿ ಅವರ ಯಜಮಾನರು, ಸಾರಿಗೆ ಬಸ್ಸು ಓಡಿಸಿ ನಿವೃತ್ತರಾದವರು. ತೋಳಿಗೆ ಪಟ್ಟಿ ಸುತ್ತಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಅಣ್ಣಾರ, ಬ್ಯಾಟರಿ ಹೊಸಾದ ಐತ್ರಿ. ಸಂಜಿಕ ಚಂದ ಚಾಲೂ ಆಗತೈತಿ. ನಸಕಿನ್ಯಾಗ ಗುಂಡಿ ಒತ್ತಿದರ ಟಿಕ್ ಟಿಕ್ ಅಂತೈತಿ, ಅಷ್ಟ. ಇವತ್ತೂ ಮಗ್ಗಲಮನಿ ಟ್ರ್ಯಾಕ್ಟರ್ ತರಿಸಿ ವೈರ್ ಹಚ್ಚಿದ್ವಿ."

"ಲೀಕೇಜ್ ಇರಬೇಕ್ರಿ ಅಕ್ಕಾರ. ನಾ ಆ ಕೆಲಸ ಬಿಟ್ಟೇನಿ. ಬೈಲಹೊಂಗಲಕ್ಕ ಒಯ್ರಿ."

"ಅಲ್ಲೀನೂ ಮುಗೀತ್ರಿ. ಹೊಸ ಬ್ಯಾಟರಿ ಹಾಕಿಸಿದ್ದ ಅಲ್ಲೆ."

ನಾನು ಮತ್ತೊಮ್ಮೆ ಇಲ್ಲ ಅನ್ನುವುದರೊಳಗೆ ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ತಮ್ಮಾ, ನಾನೂ ಈ ಗಾಡೀನೂ ಒಂದ ಜಾತಿ. ಒಮ್ಮೆ ಚಾರ್ಜಿಗೆ ಹಚ್ಚಿದರ ಎರಡ ದಿನಾ ನಡೀತೇವಿ, ಆಮ್ಯಾಲ ಠಪ್. ಇಬ್ಬರೊಳಗ ಒಬ್ಬರನ್ನಾರ ರಿಪೇರಿ ಮಾಡು."

ಸೋಮವಾರ, ಗುರುವಾರ ಮುಂಜಾನೆ ಧಾರವಾಡದಲ್ಲಿ ಅವರಿಗೆ ಡಯಾಲಿಸಿಸ್. ಹೇಳಿದ ಹೊತ್ತಿಗೆ ಮುಟ್ಟದಿದ್ದರೆ ಆ ಮಷಿನ್ ಮುಂದಿನವರಿಗೆ ಹೋಗುತ್ತದೆ. ಒಂದು ಸರದಿ ತಪ್ಪಿದರೂ ಕಾಲು ಬಾತು, ರಾತ್ರಿ ಮಲಗಿದರೆ ಉಸಿರು ಹತ್ತುತ್ತದೆ. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವರಿಗಿರಲಿಲ್ಲ. ಮೂರು ದಶಕ ಬಸ್ಸು ಓಡಿಸಿದವರು ಹೆಂಡತಿಗೆ ಕಾರು ಕಲಿಸಿದ್ದು ಹಾಸಿಗೆ ಹಿಡಿಯುವ ಸ್ವಲ್ಪ ಮುಂಚೆ. ಧಾರವಾಡದ ಆ ರಸ್ತೆ ನನಗೆ ಗೊತ್ತಿತ್ತು. ಕೀಲಿ ಇಸಿದುಕೊಂಡೆ.

ಸಂಜೆಯವರೆಗೆ ಅವರು ಊರಲ್ಲೇ ಇದ್ದ ಅಕ್ಕಾರ ತಂಗಿಯ ಮನೆಗೆ ಹೋದರು. ಹೋಗುವ ಮುಂಚೆ ಎರಡು ಮಾತು ಕೇಳಿದ್ದೆ. ಇದು ಗುಂಡಿ ಒತ್ತಿ ಚಾಲೂ ಮಾಡುವ ಗಾಡಿ, ಕೀಲಿ ಜೇಬಿನಲ್ಲಿದ್ದರೆ ಸಾಕು. ಕೀಲಿಯೂ ಗಾಡಿಯೂ ರೇಡಿಯೊದಲ್ಲಿ ಒಂದನ್ನೊಂದು ಕರೆಯುತ್ತಿರುತ್ತವೆ. ಕೀಲಿ ಹತ್ತಿರವೇ ಇದ್ದರೆ ಕೆಲವು ಗಾಡಿಗಳಿಗೆ ನಿದ್ದೆ ಬರುವುದಿಲ್ಲ. ಅದಕ್ಕೇ ರಾತ್ರಿ ಕೀಲಿ ಎಲ್ಲಿಡುತ್ತೀರಿ ಅಂದೆ. ಒಳಮನೆಯ ಗೂಟಕ್ಕೆ ಅಂದರು.

"ಎರಡನೇ ಕೀಲಿ ಇರಬೇಕಲ್ರಿ?"

"ಅದು ಅಮ್ಮನ ಉಡಿಯಾಗ ಐತ್ರಿ."

ನಮ್ಮ ಕಡೆ ಇದು ದಿನವೂ ಕೇಳುವ ಮಾತು. ಶಾಲೆಗೆ ಕಳಿಸಿದ ಮಗುವಿನಿಂದ ಹಿಡಿದು ಬಿತ್ತಿದ ಬೆಳೆಯವರೆಗೆ ಎಲ್ಲವೂ ಅಮ್ಮನ ಉಡಿಯಲ್ಲೇ ಇರುತ್ತವೆ. ಜೋಪಾನವಾಗಿದೆ, ಚಿಂತೆ ಇಲ್ಲ ಎಂದು ಅರ್ಥ. ನಾನೂ ಹಾಗೇ ಅರ್ಥ ಮಾಡಿಕೊಂಡೆ.

ಹೊರಳಿ ಹೋಗುವಾಗ ಅಕ್ಕಾರು ಇನ್ನೊಂದು ಮಾತು ಸೇರಿಸಿದರು. "ಬುಧವಾರ, ಶನಿವಾರ ಮುಂಜಾನಿ ಮಾತ್ರ ತಕರಾರ ಇಲ್ರಿ. ಅಮ್ಮನ ವಾರದ ಮರುದಿನ ಅಲ್ರಿ, ಆಕೀ ಕೃಪಾ." ಮಂಗಳವಾರ, ಶುಕ್ರವಾರ ಎಲ್ಲಮ್ಮನ ವಾರ. ಹೌದ್ರಿ ಅಂದೆ.

ಕೈ ತೊಳೆದುಕೊಂಡೆ. ಮುಂದಿನ ಖಾನೆಯಲ್ಲಿ ಹಸಿರು ಕುಬುಸದ ಅರಿವೆಯಲ್ಲಿ ಕಟ್ಟಿದ ಒಂದು ಗಂಟಿತ್ತು, ಭಂಡಾರದ ವಾಸನೆ ಬರುತ್ತಿತ್ತು. ತೆಗೆದು ಹಲಗೆಯ ಮೇಲಿಟ್ಟೆ. ಆಮೇಲೆ ಕೆಲಸ ಶುರುಮಾಡಿದೆ.

ಬ್ಯಾಟರಿಗೆ ಲೋಡ್ ಹಾಕಿ ನೋಡಿದೆ, ತಡೆಯಿತು. ಇಂಜಿನ್ ಓಡುವಾಗ ಚಾರ್ಜಿಂಗ್ ಹದಿನಾಲ್ಕು ವೋಲ್ಟಿನ ಮೇಲಿತ್ತು, ಅಂದರೆ ಆಲ್ಟರ್ನೇಟರೂ ಸರಿ. ಡ್ರೈವರ್ ಬಾಗಿಲು ತೆರೆದಿಟ್ಟು, ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುವಿ ಬಾಗಿಲು ಹಾಕಿದೆ ಎಂದು ಗಾಡಿಗೆ ನಂಬಿಸಿದೆ. ಕೀಲಿಯನ್ನು ಮನೆಯೊಳಗೆ ಇಟ್ಟು ಬಂದೆ. ಮೀಟರಿನ ಎರಡು ವೈರು ಹಚ್ಚಿಕೊಂಡ ಮೇಲೆಯೇ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ನಡುವೆ ಕ್ಷಣ ಕರೆಂಟು ತಪ್ಪಿದರೂ ಗಾಡಿಯ ಅಲಾರಂ, ಬೀಗದ ಪೆಟ್ಟಿಗೆಗಳೆಲ್ಲ ಎಚ್ಚರಾಗಿಬಿಡುತ್ತವೆ.

ಮೀಟರನ್ನು ಗಾಜಿಗೆ ಒರಗಿಸಿಟ್ಟು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ಮೊದಲ ಫ್ಯೂಜಿಗೆ ಕೈ ಹಾಕಿದ್ದೇ ತಡ, "ಎಷ್ಟೈತಿ?" ಅಂದುಬಿಟ್ಟೆ.

ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ತಲೆ ಹೊರಗೆ ತೆಗೆದು, ಎದ್ದು ಬಂದು ನಾನೇ ನೋಡಿದೆ. ಫ್ಯೂಜು ಕೀಳುವ ಅಗತ್ಯವೇ ಇರಲಿಲ್ಲ. ಅಂಕಿ ಆಗಲೇ ತಳಕ್ಕಿಳಿದಿತ್ತು. ಗಾಡಿ ಮಲಗಿತ್ತು.

ಅಂದರೆ ಲೀಕೇಜೇ ಇಲ್ಲ. ಇಲ್ಲದ ರೋಗಕ್ಕೆ ಏನು ಔಷಧ? ಟರ್ಮಿನಲ್ ತಿಕ್ಕಿ, ಬಿಗಿಮಾಡಿ, ಗಂಟನ್ನು ಖಾನೆಯಲ್ಲಿಟ್ಟು ಕಳಿಸಿದೆ. ಗುರುವಾರ ಚಾಲೂ ಆದರೆ ಒಂದು ಮಿಸ್ ಕಾಲ್ ಕೊಡಿ ಅಂದೆ. ಬಾಯಿಂದ ಬಂದ ಮೇಲೆ ನೆನಪಾಯಿತು. ಅಡುಗೆಯಾದ ಮೇಲೆ ನನ್ನ ಹೆಂಡತಿ ಒಳಗಿಂದ ಕೊಡುತ್ತಿದ್ದದ್ದೂ ಮಿಸ್ ಕಾಲೇ. ಒಮ್ಮೆ ರಿಂಗಾಗಿ ನಿಂತರೆ ಊಟಕ್ಕೆ ಏಳಬೇಕು. ಎತ್ತುವ ಹಾಗಿಲ್ಲ, ಎತ್ತಿದರೆ ಬೈಗುಳ.

ಗುರುವಾರ ಬೆಳಕು ಹರಿಯುವ ಮುಂಚೆ ಬಂದದ್ದು ಮಿಸ್ ಕಾಲಲ್ಲ. ರಿಂಗಾಗುತ್ತಲೇ ಇತ್ತು. "ಅಣ್ಣಾರ, ಮತ್ತ ಅದ ಹಾಡ್ರಿ" ಅಂದರು ಅಕ್ಕಾರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಟ್ರ್ಯಾಕ್ಟರ್ ಹೊಲಕ್ಕೆ ಹೋಗಿತ್ತಂತೆ. ಅವತ್ತಿನ ಸರದಿ ತಪ್ಪಿತು. ಕಾಡಿ ಬೇಡಿ ಮರುದಿನ ಸಂಜೆ ಮಷಿನ್ ಸಿಗುವಷ್ಟರಲ್ಲಿ ಯಜಮಾನರು ಒಂದು ರಾತ್ರಿಯನ್ನು ಗೋಡೆಗೆ ಒರಗಿ ಕೂತೇ ಕಳೆದಿದ್ದರು.

ಶನಿವಾರ ಅಕ್ಕಾರು ಗಾಡಿ ತಂದು ಬಿಟ್ಟು, ಬಸ್ಸಿಗೆ ಊರಿಗೆ ಹೋದರು. ನಾನು ಕೈ ತೊಳೆದು ಗಂಟು ಹಲಗೆಗೆ ಇಟ್ಟೆ. ಹೊರಗೆ ಹಾಕಿಸಿದ ಸ್ಟೀರಿಯೊ ಬಿಚ್ಚಿದೆ. ಇಂಥ ಸೆಟ್ಟುಗಳಿಗೆ ವೈರು ತಪ್ಪಿ ಕೊಟ್ಟಿರುತ್ತಾರೆ, ರಾತ್ರಿಯೆಲ್ಲ ಉಣ್ಣುತ್ತವೆ. ಇದು ಸರಿಯಾಗಿತ್ತು. ಹಿಂದಿನ ಕ್ಯಾಮೆರಾ ಬಿಡಿಸಿದೆ. ಡಿಕ್ಕಿಯ ದೀಪ ಆರುತ್ತದೋ ಇಲ್ಲವೋ ಎಂದು ಒಳಗೆ ಫೋನಿಟ್ಟು ವಿಡಿಯೊ ತೆಗೆದೆ. ಆರುತ್ತಿತ್ತು. ಇಡೀ ರಾತ್ರಿ ಗಾಡಿ ನನ್ನ ಅಂಗಡಿಯ ಮುಂದೆ ನಿಂತಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಒಂದೇ ಸಲಕ್ಕೆ ಚಾಲೂ.

ಪಕ್ಕದ ಗ್ಯಾರೇಜಿನ ಮಿಸ್ತ್ರಿ ಹಲ್ಲುಕಡ್ಡಿ ಕಚ್ಚಿಕೊಂಡು ನೋಡುತ್ತಿದ್ದ. "ಮಾಮಾ, ನಿಮ್ಮ ಅಂಗಡ್ಯಾಗ ಇದಕ್ಕ ತವರಮನಿ ಸುಖಾ ನೋಡ್ರಿ. ಗಂಡನ ಮನಿಗೆ ಹೋದರ ಅಳತೈತಿ" ಅಂದ. ಆಮೇಲೆ ನಗು ಬಿಟ್ಟು ಹೇಳಿದ. "ಯಾಕ ಜೀವಾ ತೇಯ್ತೀರಿ? ಕಟಾಫ್ ಸ್ವಿಚ್ ಹಚ್ಚಿ ಕಳಸ್ರಿ. ರಾತ್ರಿ ಬಂದ್ ಮಾಡೂದು, ಮುಂಜಾನಿ ಚಾಲೂ ಮಾಡೂದು."

ಅವನ ಮಾತು ಸುಳ್ಳಲ್ಲ. ಬ್ಯಾಟರಿಯ ಬಾಯಿಗೇ ಒಂದು ಸ್ವಿಚ್ಚು ಕೂಡಿಸಿದರೆ ರೋಗ ಯಾವುದಿದ್ದರೂ ಗಾಡಿ ಉಣ್ಣಲಾರದು. ಆದರೆ ಥಂಡಿಯಲ್ಲಿ, ಕತ್ತಲೆಯಲ್ಲಿ, ನಡೆಯಲಾರದ ಗಂಡನನ್ನು ಒಂದು ಕೈಯಲ್ಲಿ ಹಿಡಿದ ಹೆಣ್ಣುಮಗಳು ಇನ್ನೊಂದು ಕೈಯಲ್ಲಿ ಬಾನೆಟ್ಟು ಎತ್ತಬೇಕು. ನನಗೆ ಮನಸ್ಸಾಗಲಿಲ್ಲ. ಗಂಟನ್ನು ಖಾನೆಗೆ ಇಟ್ಟು, ಭಾನುವಾರ ಗಾಡಿಯನ್ನು ನಾನೇ ಮುನವಳ್ಳಿಗೆ ಮುಟ್ಟಿಸಿ ಬಂದೆ. ಸೋಮವಾರ ನಸುಕಿನಲ್ಲಿ ಫೋನು ಮತ್ತೆ ರಿಂಗಾಗುತ್ತಲೇ ಇತ್ತು. ಯಾರದೋ ಜೀಪು ಹಿಡಿದು ಧಾರವಾಡ ಮುಟ್ಟಿದಾಗ ಅರ್ಧ ಹೊತ್ತು ಹೋಗಿತ್ತು, ಅರ್ಧವೇ ಡಯಾಲಿಸಿಸ್ ಆಯಿತು.

ಇನ್ನು ನನ್ನ ಹಟ ಸಾಕೆನಿಸಿತು. ಕಟಾಫ್ ಸ್ವಿಚ್ ತಂದಿಟ್ಟೆ. ಬುಧವಾರ ಬರಲು ಹೇಳಿದೆ.

ಬುಧವಾರ ಯಜಮಾನರೂ ಬಂದರು. "ನನ್ನ ಡಾಕ್ಟರನ್ನ ನೋಡೇನಿ, ಗಾಡಿ ಡಾಕ್ಟರ್ ಹೆಂಗ ಮಾಡತಾನ ನೋಡೋಣು ಅಂತ ಬಂದೆ" ಎನ್ನುತ್ತ ಗೋಡೆ ಹಿಡಿದು ಹಿಡಿದು ಒಳಗೆ ಬಂದರು. ನಾನು ಖುರ್ಚಿ ತರಲು ತಿರುಗುವುದರೊಳಗೆ ಎದುರಿಗಿದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಅವರ ಮುಖದಲ್ಲಿ ಬೆವರಿತ್ತು, ಆ ಥಂಡಿಯಲ್ಲಿ. ಎಬ್ಬಿಸುವುದು ಹೇಗೆ?

ಕೈ ತೊಳೆದು, ಗಂಟು ತೆಗೆದು ಹಲಗೆಗೆ ಇಡಲು ಹೊರಟೆ.

"ಅದನ್ನ ಯಾಕ ತಗೀತೀರಿ ಅಣ್ಣಾರ?" ಅಂದರು ಅಕ್ಕಾರು.

"ಕೆಲಸಾ ಮಾಡೂಮುಂದ ತಗದ ಇಡೂದ್ರಿ. ನಮ್ಮ ಮನಿಯಾಕಿ ಹಾಕಿದ ಪದ್ಧತಿ."

"ಹಂಗೇನ್ರಿ. ನಾ ಮಂಗಳಾರ, ಶುಕ್ರಾರ ಅಷ್ಟ ಪೂಜಾಕ್ಕ ಒಳಗ ಒಯ್ತೇನಿ. ರಾತ್ರಿ ದೇವರ ಜಗಲಿ ಮ್ಯಾಲ ಇರತೈತಿ, ಮರುದಿನಾ ಜಳಕಾ ಮಾಡಿ ಗಾಡ್ಯಾಗ ಇಡತೇನಿ. ಇವರಿಗೆ ಧಾರವಾಡದ ದಾರಿ ಚಾಲೂ ಆದಾಗಿಂದ ಅಮ್ಮ ಗಾಡ್ಯಾಗ ಇರಲಿ ಅಂತ."

ಗಂಟು ಕೈಯಲ್ಲೇ ಇತ್ತು. ಬುಧವಾರ, ಶನಿವಾರ ಮುಂಜಾನೆ ತಕರಾರಿಲ್ಲ. ಆ ಎರಡು ರಾತ್ರಿ ಗಂಟು ಮನೆಯೊಳಗೆ. ನನ್ನ ಅಂಗಡಿಯಲ್ಲೂ ತಕರಾರಿಲ್ಲ. ಇಲ್ಲಿ ಅದು ಹಲಗೆಯ ಮೇಲೆ.

ಒಳಗೇನಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಗಂಟು ಕರೆಂಟು ಉಣ್ಣುತ್ತದೆ ಅಂದರೆ ಮಿಸ್ತ್ರಿ ಊರೆಲ್ಲ ಸಾರಿಯಾನು. ಮಾಡಬೇಕಾದದ್ದು ಗೊತ್ತಿತ್ತು. ಗಂಟು ಗಾಡಿಯಲ್ಲೇ ಇರುವಂತೆ ಅಳೆಯಬೇಕು. ಆದರೆ ಅವಳು ಹೋದ ಮೇಲೆ ನನ್ನ ಕೈಯಲ್ಲಿ ಅವಳದೆಂದು ಉಳಿದದ್ದು ಹೆಚ್ಚೇನಿರಲಿಲ್ಲ. ಆ ಪೆಟ್ಟಿಗೆ, ಈ ಹಲಗೆ, ಕೆಲಸಕ್ಕೆ ಮುಂಚೆ ಕೈ ತೊಳೆಯುವುದು. ಪೆಟ್ಟಿಗೆಯ ಮೇಲೆ ಬೇರೆಯವರು ಕೂತಾಗಿತ್ತು. ಈಗ ಇದನ್ನೂ ಬಿಡಬೇಕು.

ಗುರುವಾರ ನಾಳೆಯೇ ಇತ್ತು. ಗಂಟನ್ನು ತಿರುಗಿ ಖಾನೆಯಲ್ಲಿಟ್ಟೆ.

ಅಕ್ಕಾರ ಕೀಲಿ ಮನೆಯೊಳಗೆ ಹೋಯಿತು. ಮೀಟರು ಹಚ್ಚಿದೆ. ಅದನ್ನು ಎಲ್ಲಿ ಒರಗಿಸಲಿ ಎಂದು ನೋಡುತ್ತಿದ್ದಾಗ ಯಜಮಾನರು ಕೈ ಚಾಚಿದರು. "ಕೊಡ ಇಲ್ಲೆ. ಹೆಚ್ಚು ಕಡಿಮಿ ಓದೂದ ನನಗ ಹೊಸಾದೇನಲ್ಲ. ಹೋದಾಗೊಮ್ಮೆ ದವಾಖಾನ್ಯಾಗ ನನ್ನ ಅಂಕಿ ಓದತಿರತಾರ."

"ಎಷ್ಟೈತ್ರಿ?" ಅಂದೆ.

"ಮೂರರ ಮ್ಯಾಲ ಐತಿ. ಇಳ್ಯಾಕ ಹತ್ತೇತಿ."

ಕಾದೆವು. ಅಕ್ಕಾರು ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು.

"ಒಂದೂವರಿ," ಅಂದರು ಯಜಮಾನರು. "ಇಲ್ಲೇ ನಿಂತತಿ, ತಮ್ಮಾ."

ಇನ್ನೂ ಕಾದೆವು. ಚಹಾ ತರಿಸಿ ಕುಡಿದೆವು. ಒಂದೂವರೆ ಒಂದೂವರೆಯೇ. ಒಮ್ಮೆ ಒಂದಕ್ಕೆ ಇಳಿದಂತೆ ಮಾಡಿ ಮತ್ತೆ ಮೇಲೆ ಬಂತು. ಕಣ್ಣು ಮುಚ್ಚಿ, ಏನೋ ಸದ್ದಾಗಿ ಮತ್ತೆ ತೆರೆಯುವವರ ಹಾಗೆ. ಬ್ಯಾಟರಿ ರಾತ್ರಿಯಿಡೀ ಹೀಗೆ ಉಂಡರೆ ಬೆಳಿಗ್ಗೆ ಏನು ಉಳಿದೀತು?

ಕೈ ತೊಳೆದು ಬಂದು ಗಂಟನ್ನು ತೆಗೆದು, ನಡುಮನೆ ದಾಟಿ ಅಡುಗೆಮನೆಯವರೆಗೆ ಒಯ್ದು ಇಟ್ಟು ಬಂದೆ. ಬರುವಷ್ಟರಲ್ಲಿ ಯಜಮಾನರು ಅಂಕಿ ಕೂಗತೊಡಗಿದ್ದರು. "ಒಂದಾತು. ಅರ್ಧಾ ಆತು. ಏ ಇಕಿ, ನೋಡ ಬಾ ಇಲ್ಲೆ. ಸೊನ್ನಿಗೆ ಬಂತು!"

"ಅಕ್ಕಾರ," ಅಂದೆ, "ಆ ಗಂಟಿನಾಗ ಏನೈತ್ರಿ?"

"ಉಡಿ ಐತ್ರಿ. ಗಾಡಿ ತಗೊಂಡಾಗ ಗುಡ್ಡಕ್ಕ ಹೋಗಿ ಅಮ್ಮಗ ಉಡಿ ತುಂಬಿದ್ವಿ. ಪೂಜಾರಿ ತಿರುಗಿ ಕೊಟ್ಟ ಪ್ರಸಾದ. ಒಣಕೊಬ್ಬರಿ, ಉತ್ತತ್ತಿ, ಅರಿಷಿಣಕೊಂಬು, ಭಂಡಾರ... ಮತ್ತ ಕೀಲಿ. ನಿಮಗ ಅವತ್ತ ಹೇಳಿದ್ನಲ್ಲ, ಎರಡನೇ ಕೀಲಿ ಅಮ್ಮನ ಉಡಿಯಾಗ ಐತಿ ಅಂತ."

ಅಕ್ಕಾರೇ ಗಂಟು ಬಿಚ್ಚಿದರು. ಉತ್ತತ್ತಿಗಳ ನಡುವೆ, ಭಂಡಾರದಲ್ಲಿ ಹಳದಿಯಾಗಿ ಕೂತಿತ್ತು ಕೀಲಿ. ಹೆಬ್ಬೆರಳಷ್ಟು ಪ್ಲಾಸ್ಟಿಕ್ಕು ಇಷ್ಟೂ ದಿನ ಎಲ್ಲರನ್ನೂ ಕುಣಿಸಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜ, ನಾನು ಕೇಳಿಸಿಕೊಂಡದ್ದು ಗಾದೆ. ಕೀಲಿ ಒಳಗೇ ಇದೆ, ಯಾರೋ ಈಗ ಹೊರಡುತ್ತಾರೆ ಎಂದುಕೊಂಡು ಗಾಡಿ ರಾತ್ರಿಯಿಡೀ ಎಚ್ಚರವಾಗಿ ಕೂತಿರುತ್ತಿತ್ತು.

"ಬಾಗಲಾ ಹಾಕಿದಾಗೊಮ್ಮೆ ಪೀಂ ಪೀಂ ಅಂತಿತ್ತಲ್ಲ," ಅಂದರು ಯಜಮಾನರು. "ಕೀಲಿ ಒಳಗ ಐತಿ ಅಂತ ಹೊಯ್ಕೊಳ್ಳಾಕ ಹತ್ತಿತ್ತದು. ಇಕಿ ನೋಡಿದರ 'ಹೋಗಿ ಬರ್ರಿ' ಅನ್ನಾಕ ಹತ್ತೇತಿ ಅಂತಿದ್ಳು."

ಅಕ್ಕಾರು ನಗಲಿಲ್ಲ. ಕೀಲಿಯನ್ನೇ ನೋಡುತ್ತಿದ್ದರು. "ನಿಮ್ಮ ಸಲುವಾಗಿ ಇಟ್ಟದ್ದು ನಿಮಗ ಮುಳ್ಳಾತಲ್ರಿ. ಆ ರಾತ್ರಿ ನೀವು ಕುಂತ ಕಳದದ್ದು ನನ್ನಿಂದ."

"ಹುಚ್ಚಿ," ಅಂದರು ಯಜಮಾನರು. "ಅಮ್ಮ ಕೀಲಿ ಹಿಡಕೊಂಡು ರಾತ್ರಿಯೆಲ್ಲಾ ಎಚ್ಚರ ಇದ್ಳು. ನೀನೂ ಎಚ್ಚರ ಇದ್ದಿ. ಇನ್ನ ಇಬ್ಬರೂ ಮಲಗ್ರಿ. ಹೊಂಡೂದು ನಾನು, ಹೊತ್ತ ಬಂದಾಗ ಎಬ್ಬಸ್ತೇನಿ."

ಅವರ ಕೈಯಲ್ಲಿ ಮೀಟರು ಹಾಗೇ ಇತ್ತು. ಅದರ ಮೇಲೆ ಕಣ್ಣಿಟ್ಟು ನನ್ನನ್ನು ಕೇಳಿದರು. "ಇದಕ್ಕ ಏನಂತೀರಿ ತಮ್ಮಾ ನೀವು? ಹಿಂಗ ಸೊನ್ನಿ ಆದರ?"

ಹೇಳುವುದೋ ಬೇಡವೋ ಅನ್ನಿಸಿತು. "ಮಲಗಿತು ಅಂತೇವ್ರಿ," ಅಂದೆ.

ಕೀಲಿಯನ್ನು ಒರೆಸಲಿಲ್ಲ. ಇನ್ನು ಮೇಲೆ ಅದು ಮುನವಳ್ಳಿಯ ಮನೆಯ ದೇವರ ಜಗಲಿಯ ಮೇಲೆ, ಗಾಡಿಯಿಂದ ದೂರ. ಕೀಲಿಯಿಲ್ಲದ ಉಡಿಯನ್ನು ಅಕ್ಕಾರು ಮತ್ತೆ ಕಟ್ಟಿ ಖಾನೆಯಲ್ಲಿಟ್ಟರು. ಬ್ಯಾಟರಿಯನ್ನು ಸಂಜೆಯವರೆಗೆ ಚಾರ್ಜಿಗೆ ಹಚ್ಚಿ ತುಂಬಿಸಿಕೊಟ್ಟೆ. ಕಟಾಫ್ ಸ್ವಿಚ್ ಪೊಟ್ಟಣ ಒಡೆಯದೆ ಹಾಗೇ ಉಳಿಯಿತು.

ಆಮೇಲೆ ನಾನು ಲೀಕೇ‌ಜ್ ಕೆಲಸ ಮತ್ತೆ ಹಿಡಿದಿದ್ದೇನೆ. ಈಗ ಮೊದಲು ಒಮ್ಮೆ ಗಾಡಿ ಇದ್ದ ಹಾಗೇ ಅಳೆಯುತ್ತೇನೆ. ಆಮೇಲೆ ಕೈ ತೊಳೆದು ದೇವರ ಸಾಮಾನು ಹಲಗೆಗೆ ಇಡುತ್ತೇನೆ. ಅವಳಿದ್ದಿದ್ದರೆ ಈ ಬದಲಾವಣೆಗೆ ಒಂದು ದಿನವಾದರೂ ಮುಖ ತಿರುವುತ್ತಿದ್ದಳು. ಆ ಮುಖ ತಿರುವುವುದನ್ನು ನೋಡಬೇಕೆನಿಸುತ್ತದೆ. ಗಿರಾಕಿಗಳಲ್ಲಿ ಯಾರಾದರೂ ಪೆಟ್ಟಿಗೆಯ ಮೇಲೆ ಕೂತು ಅಂಕಿ ಹೇಳುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ.

ಆ ಗುರುವಾರ ನಸುಕಿನಲ್ಲಿ ಎಚ್ಚರಾಗಿ ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದೆ. ರಿಂಗಾಯಿತು. ಒಮ್ಮೆ ಆಗಿ ನಿಲ್ಲುತ್ತದೆಂದು ಗೊತ್ತಿತ್ತು. ಇಷ್ಟು ವರ್ಷ ಮಿಸ್ ಕಾಲನ್ನು ಎಂದೂ ಎತ್ತಿದವನಲ್ಲ. ಅವತ್ತು ನಿಲ್ಲುವ ಮುಂಚೆ ಎತ್ತಿದೆ.

"ಅಯ್ಯ, ಮಿಸ್ ಕಾಲ್ ಯಾರರ ಎತ್ತತಾರೇನ್ರಿ ಅಣ್ಣಾರ!" ಅಂದರು ಅಕ್ಕಾರು. ಹಿಂದೆ ಇಂಜಿನ್ ಓಡುತ್ತಿತ್ತು. "ಚಾಲೂ ಆತ್ರಿ. ಹೊಂಟ್ವಿ. ರಾತ್ರಿ ಚಂದಂಗ ಮಲಗಿತ್ತರಿ."

"ಹೌದ್ರಿ," ಅಂದೆ, "ಮಲಗಿತ್ರಿ." ಮನೆಯಲ್ಲಿ ಎಚ್ಚರಾಗುವವರು ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿಯೇ ಅಂದಿದ್ದೆ.